ಪಡಸಾಲೆಯ ಸಂಗೀತ ಉಳಿಯುವುದು ಹೇಗೆ?



ಬಸವನ ಬಾಗೇವಾಡಿ ಸೀಮೆಯ ಮಸೂತಿಯಂಥ ಊರುಗಳಲ್ಲಿ ಶ್ರಾವಣ ಬಂತೆಂದರೆ ಗುಡಿಯಲ್ಲಿ ಭಜನೆ ಕೂಡುತ್ತದೆ. ಒಂದು ಹಾರ್ಮೋನಿಯಂ, ಒಂದು ತಬಲಾ, ತಾಳ, ನಾಲ್ಕಾರು ದನಿ. ಹಾಡುವವರಿಗೂ ಕೇಳುವವರಿಗೂ ನಡುವೆ ಹೆಚ್ಚೆಂದರೆ ಒಂದು ಮಾರು ಅಂತರ. ಹೀಗೆ ಹತ್ತಿರ ಕುಳಿತು ಕೇಳುವ ಸಂಗೀತ ಪಶ್ಚಿಮ ದೇಶಗಳಲ್ಲಿಯೂ ಉಂಟು. ಅದಕ್ಕೆ ಚೇಂಬರ್ ಸಂಗೀತ ಎನ್ನುತ್ತಾರೆ. ಚೇಂಬರ್ ಎಂದರೆ ಕೋಣೆ.

ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೋ ಸೇರಿದ ನಾಲ್ವರ ಮೇಳ ಇದರಲ್ಲಿ ಬಹು ಪ್ರಸಿದ್ಧ. ಆಸ್ಟ್ರಿಯದ ಹೈಡನ್ (1732–1809) ಇದಕ್ಕೆ ಖಚಿತ ರೂಪ ಕೊಟ್ಟನು. ಇಲ್ಲಿ ಕೋಲು ಹಿಡಿದು ನಡೆಸುವ ನಿರ್ದೇಶಕನಿಲ್ಲ. ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಲೇ ನುಡಿಸಬೇಕು.

ಈ ಸಂಗೀತ ಅಮೆರಿಕದಲ್ಲಿ ಜನಪ್ರಿಯವಾದದ್ದು ಹೇಗೆ? 1885ರಲ್ಲಿ ಬಾಸ್ಟನ್ನಿನಲ್ಲಿ ಫ್ರಾಂಜ್ ನೈಸೆಲ್ ಒಂದು ಮೇಳ ಕಟ್ಟಿ ಊರೂರು ಸುತ್ತಿದನು. ಆದರೆ ಒಂದು ತೊಡಕಿತ್ತು. ಸಣ್ಣ ಕೋಣೆಯಲ್ಲಿ ಕೂಡುವವರು ಕೆಲವರೇ. ಅವರ ಟಿಕೆಟ್ಟಿನ ಹಣದಿಂದ ಕಲಾವಿದರ ಸಂಸಾರ ಸಾಗದು. ಎಲಿಜಬೆತ್ ಕೂಲಿಜ್ ಎಂಬ ಮಹಿಳೆ ಈ ಭಾರಕ್ಕೆ ಹೆಗಲು ಕೊಟ್ಟರು. 1918ರಲ್ಲಿ ಚೇಂಬರ್ ಸಂಗೀತೋತ್ಸವ ಆರಂಭಿಸಿದರು. 1925ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅವರ ದತ್ತಿಯಿಂದ ಸುಮಾರು 500 ಆಸನಗಳ ಸಭಾಂಗಣ ಎದ್ದಿತು. 1940ರಲ್ಲಿ ಬೆಲ್ಜಿಯಂ ಯುದ್ಧಕ್ಕೆ ಸಿಲುಕಿ, ಪ್ರವಾಸದಲ್ಲಿದ್ದ ಪ್ರೋ ಆರ್ತೆ ಮೇಳದವರು ತಾಯ್ನಾಡಿಗೆ ಮರಳದಂತಾಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅವರಿಗೆ ಆಶ್ರಯ ನೀಡಿತು. ಮುಂದೆ ಅನೇಕ ಕಾಲೇಜುಗಳು ಇದೇ ಹಾದಿ ಹಿಡಿದವು. ಕಲಾವಿದರಿಗೆ ನೆಲೆ ಸಿಕ್ಕಿತು, ವಿದ್ಯಾರ್ಥಿಗಳಲ್ಲಿ ಹೊಸ ಕೇಳುಗರು ಹುಟ್ಟಿದರು.

ಇನ್ನು ನಮ್ಮ ನಾಡಿಗೆ ಬರೋಣ. ಉತ್ತರ ಕರ್ನಾಟಕದ ಹಿಂದೂಸ್ತಾನಿ ಸಂಗೀತ ಬೆಳೆದದ್ದು ವಾಡೆಗಳ ಬೈಠಕ್ಕುಗಳಲ್ಲಿ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ಹಾಡುತ್ತಿದ್ದರು. ಅವರ ಶಿಷ್ಯ ರಾಮಭಾವು ಕುಂದಗೋಳಕರರೇ ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು. ಭೀಮಸೇನ ಜೋಶಿಯವರು ಕಲಿತದ್ದು ಇವರಲ್ಲಿ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಇದೇ ಕುಂದಗೋಳಕ್ಕೆ ಬರುತ್ತಿದ್ದರು.

ಬೈಠಕ್ಕಿನಲ್ಲಿ ಕೇಳುಗನಿಗೂ ಕೆಲಸವಿದೆ. ಅವನ ತಲೆದೂಗು, ಅವನ ‘ವ್ಹಾ’ ಗಾಯಕರಿಗೆ ತಲುಪುತ್ತದೆ. ರಾಗದ ಬಡಹತ್ ಅದರಿಂದ ಹುರುಪು ಪಡೆಯುತ್ತದೆ. ತಂಬೂರಿ ಶ್ರುತಿಗೊಳ್ಳುವುದನ್ನು, ಗಾಯಕರು ಉಸಿರು ನಿಲ್ಲಿಸುವ ಜಾಗವನ್ನು ಕಲಿಯುವ ಹುಡುಗ ಕಣ್ಣಾರೆ ಕಾಣುತ್ತಾನೆ.

ಕಾಲ ಬದಲಾಯಿತು. ವಾಡೆಗಳ ಜಮೀನು, ಆದಾಯ ಕರಗಿದವು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಆರಂಭವಾಗಿ ಕಲಾವಿದರಿಗೆ ಹೊಸ ಆಸರೆ ದೊರಕಿತು. ಮೈಕು ಬಂದು, ದೊಡ್ಡ ಸಭಾಂಗಣಗಳಲ್ಲಿ ಸಾವಿರಾರು ಜನ ಒಟ್ಟಿಗೆ ಕೇಳುವಂತಾಯಿತು. ಇದು ಲಾಭವೇ. ಆದರೆ ಐವತ್ತನೆಯ ಸಾಲಿನಲ್ಲಿ ಕುಳಿತವನಿಗೆ ಧ್ವನಿವರ್ಧಕದ ದನಿ ಕೇಳಿಸೀತು, ಗಾಯಕರ ಮುಖ ಕಾಣಿಸದು. ಹತ್ತಿರ ಕುಳಿತವರು ಇಲ್ಲವಾದರೆ ನಾಳೆ ಹಾಡುವವರೂ ಇಲ್ಲವಾಗಬಹುದು. ಮುಂದಿನ ಗಾಯಕರು ಹುಟ್ಟುವುದು ಆ ಹತ್ತಿರದ ಸಾಲಿನಲ್ಲಿಯೇ ಅಲ್ಲವೆ?

ಎರಡೂ ನಾಡುಗಳ ಕಥೆ ಒಂದೇ ಮಾತು ಹೇಳುತ್ತದೆ. ಸಣ್ಣ ಕೋಣೆಯ ಸಂಗೀತ ತಾನಾಗಿ ಬದುಕದು, ಯಾರಾದರೂ ಅದನ್ನು ಸಾಕಬೇಕು. ಹಿಂದೆ ವಾಡೆ ಸಾಕಿತು. ಇಂದು ಆ ಕೆಲಸವನ್ನು ಶಾಲೆ ಕಾಲೇಜುಗಳು ಏಕೆ ಮಾಡಬಾರದು? ಬೇಕಾದದ್ದು ಬಹಳವಿಲ್ಲ. ಒಂದು ತರಗತಿ ಕೋಣೆ, ಒಂದು ಜಮಖಾನೆ, ಸುತ್ತಲಿನ ಊರಿನ ಒಬ್ಬ ಗಾಯಕರು, ಅವರಿಗೆ ಸಲ್ಲುವ ಸಂಭಾವನೆಗಾಗಿ ಪ್ರತಿಯೊಬ್ಬರ ಚಿಕ್ಕ ವಂತಿಗೆ. ಮೈಕು ಬೇಡ. ಎರಡು ತಾಸು ಮೌನವಾಗಿ ಕುಳಿತು ಕೇಳಿರಿ. ನಿಮ್ಮ ಕೋಣೆಯೇ ಅಂದಿಗೆ ಒಂದು ವಾಡೆಯಾಗುತ್ತದೆ.