ಬಡ್ಡಿಯಿಲ್ಲದ ಓವರ್‌ಡ್ರಾಫ್ಟ್: ವಿದ್ಯಾರ್ಥಿಗಳೂ ಹೆತ್ತವರೂ ತಿಳಿದಿರಬೇಕಾದ ಸಂಗತಿಗಳು

ನಮ್ಮ ಕರಾವಳಿಯ ಧರ್ಮಕೇಂದ್ರಗಳಿಂದ ಉನ್ನತ ಶಿಕ್ಷಣಕ್ಕಾಗಿ ಬ್ರಿಟನ್ನಿಗೆ ತೆರಳುವ ಯುವಜನರಿದ್ದಾರೆ. ಅವರ ಹಿಂದೆ ಬ್ಯಾಂಕಿನ ಶಿಕ್ಷಣ ಸಾಲವಿದೆ, ಅಡವಿಟ್ಟ ತಾಯಿಯ ಚಿನ್ನವಿದೆ, ಗಲ್ಫ್‌ನಲ್ಲಿ ದುಡಿದ ತಂದೆಯ ಉಳಿತಾಯವಿದೆ. ಹೊರಡುವ ಮುನ್ನ ಅವರ ಕಿವಿಗೆ ಬೀಳುವ ಒಂದು ಮಾತು: "ಅಲ್ಲಿ ಬ್ಯಾಂಕಿನವರೇ ವಿದ್ಯಾರ್ಥಿಗಳಿಗೆ ಬಡ್ಡಿಯಿಲ್ಲದೆ ಹಣ ಕೊಡುತ್ತಾರಂತೆ. ಎರಡು ಮೂರು ಖಾತೆ ತೆರೆದರೆ ಖರ್ಚಿನ ಚಿಂತೆಯೇ ಇಲ್ಲವಂತೆ." ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಓವರ್‌ಡ್ರಾಫ್ಟ್ ಎಂದರೇನು?

ನಮ್ಮ ವ್ಯಾಪಾರಸ್ಥರು ಇದನ್ನು "ಓ.ಡಿ." ಎಂದು ಕರೆಯುತ್ತಾರೆ. ಖಾತೆಯಲ್ಲಿರುವ ಹಣ ಮುಗಿದ ಮೇಲೂ ಒಂದು ಮಿತಿಯವರೆಗೆ ಹಣ ತೆಗೆಯಲು ಬ್ಯಾಂಕ್ ಕೊಡುವ ಅನುಮತಿಯೇ ಓವರ್‌ಡ್ರಾಫ್ಟ್. ಊರಿನ ಜಿನಸಿ ಅಂಗಡಿಯಲ್ಲಿ ಲೆಕ್ಕ ಬರೆಸಿ ಸಾಮಾನು ತಂದ ಹಾಗೆ. ಅಕ್ಕಿ ಮನೆಗೆ ಬಂದಿದೆ ನಿಜ, ಆದರೆ ದುಡ್ಡು ಇನ್ನೂ ಕೊಟ್ಟಿಲ್ಲ.

ಬ್ರಿಟನ್ನಿನಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಜೀವನ ವೆಚ್ಚಕ್ಕೆ ಸರ್ಕಾರದ ಸಾಲ ಕಂತುಗಳಲ್ಲಿ ಬರುತ್ತದೆ. ಒಂದು ಕಂತಿಗೂ ಮುಂದಿನ ಕಂತಿಗೂ ನಡುವೆ ಕೈ ಬರಿದಾದಾಗ ಆಸರೆಯಾಗಲೆಂದು ಅಲ್ಲಿನ ದೊಡ್ಡ ಬ್ಯಾಂಕುಗಳು ವಿದ್ಯಾರ್ಥಿ ಖಾತೆಗೆ ಬಡ್ಡಿರಹಿತ ಓವರ್‌ಡ್ರಾಫ್ಟ್ ಕೊಡುತ್ತವೆ. ಮಿತಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಕೆಲವು ಬ್ಯಾಂಕುಗಳಲ್ಲಿ ಕೊನೆಯ ವರ್ಷದ ಹೊತ್ತಿಗೆ ಅದು 3,000 ಪೌಂಡ್‌ವರೆಗೂ ಏರಬಹುದು. ಇಂದಿನ ಗಿರಾಕಿ ನಾಳೆ ಸಂಬಳದ ಖಾತೆಯನ್ನೂ ಮನೆ ಸಾಲವನ್ನೂ ತಮ್ಮಲ್ಲೇ ಮಾಡಲಿ ಎಂಬುದು ಬ್ಯಾಂಕಿನ ನಿರೀಕ್ಷೆ. ಇದು ವ್ಯಾಪಾರ, ದಾನವಲ್ಲ.

ನಮ್ಮ ಮಕ್ಕಳಿಗೆ ಸಿಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಈ ಖಾತೆ ಪಡೆಯಲು ಕೆಲವು ವರ್ಷ, ಹೆಚ್ಚಾಗಿ ಮೂರು ವರ್ಷ, ಬ್ರಿಟನ್ನಿನಲ್ಲಿ ವಾಸವಾಗಿರಬೇಕೆಂದು ಬಹುತೇಕ ಬ್ಯಾಂಕುಗಳು ಷರತ್ತು ಹಾಕುತ್ತವೆ. ಹೊರದೇಶದ ವಿದ್ಯಾರ್ಥಿಗಳಿಗೆ ಸಿಗುವ ಖಾತೆಗಳಲ್ಲಿ ಸಾಮಾನ್ಯವಾಗಿ ಓವರ್‌ಡ್ರಾಫ್ಟ್ ಇರುವುದಿಲ್ಲ. ಆದ್ದರಿಂದ ಮೊದಲ ತಿಂಗಳ ಬಾಡಿಗೆಗೆ ಈ ಹಣವನ್ನು ನಂಬಿ ವಿಮಾನ ಹತ್ತಿದವರು ಅಲ್ಲಿ ಇಳಿದ ಮೇಲೆ ಪೇಚಿಗೆ ಸಿಲುಕುತ್ತಾರೆ. ಹಿಂದಿನಿಂದಲೂ ಅಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳಿಗಾದರೆ ಈ ಸೌಲಭ್ಯ ಸಿಗುತ್ತದೆ. ಮುಂದಿನ ಲೆಕ್ಕ ಮುಖ್ಯವಾಗಿ ಅವರಿಗೆ.

ಲಾಭ ಎಷ್ಟು, ನಷ್ಟ ಎಷ್ಟು?

ಜಾಣ ವಿದ್ಯಾರ್ಥಿಗಳು ಕೆಲವರು ಓವರ್‌ಡ್ರಾಫ್ಟಿನ ಪೂರ್ತಿ ಹಣ ತೆಗೆದು ಬೇರೊಂದು ಉಳಿತಾಯ ಖಾತೆಯಲ್ಲಿಟ್ಟು ಬಡ್ಡಿ ಗಳಿಸುತ್ತಾರೆ. ಉದಾಹರಣೆಗೆ 1,500 ಪೌಂಡ್ ತೆಗೆದು ಶೇ. 4ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ ಸಿಗುವುದು 60 ಪೌಂಡ್. ಆದರೆ ಬಡ್ಡಿಯಿಲ್ಲದ ಅವಧಿಗೆ ಕೊನೆಯಿದೆ. ವ್ಯಾಸಂಗ ಮುಗಿದ ಮೇಲೆ ಖಾತೆಯನ್ನು ಪದವೀಧರ ಖಾತೆಯಾಗಿ ಬದಲಿಸಿದರೆ ಒಂದರಿಂದ ಮೂರು ವರ್ಷಗಳಲ್ಲಿ ಮಿತಿ ಹಂತಹಂತವಾಗಿ ಇಳಿಯುತ್ತದೆ. ಅನಂತರ ಸಾಮಾನ್ಯ ಬಡ್ಡಿ. ಬ್ರಿಟನ್ನಿನ ಹಣಕಾಸು ನಿಯಂತ್ರಣ ಸಂಸ್ಥೆ 2020ರ ಏಪ್ರಿಲ್‌ನಿಂದ ಓವರ್‌ಡ್ರಾಫ್ಟಿನ ದಿನದ ಶುಲ್ಕಗಳನ್ನು ರದ್ದುಪಡಿಸಿ, ಒಂದೇ ವಾರ್ಷಿಕ ಬಡ್ಡಿದರ ಇರಬೇಕೆಂದು ನಿಯಮ ತಂದಿತು. ಆ ಬಳಿಕ ಅನೇಕ ಬ್ಯಾಂಕುಗಳ ದರ ಶೇ. 40ರ ಆಸುಪಾಸಿಗೆ ಬಂತು. ಅದೇ 1,500 ಪೌಂಡ್ ಖರ್ಚಾಗಿ ಹೋಗಿ, ಒಂದು ವರ್ಷ ತೀರಿಸದೆ ಉಳಿದರೆ ಬಡ್ಡಿಯೇ ಸುಮಾರು 600 ಪೌಂಡ್. ಗಳಿಸಲು ಹೊರಟದ್ದು 60, ಕಳೆದುಕೊಂಡದ್ದು 600.

ಬ್ಯಾಂಕಿನ ಮಾತು ಬದಲಾಗಲೂಬಹುದು. 2007ರಲ್ಲಿ ಎಚ್‌.ಎಸ್‌.ಬಿ.ಸಿ. ಬ್ಯಾಂಕ್ ಆ ವರ್ಷದ ಪದವೀಧರರ ಓವರ್‌ಡ್ರಾಫ್ಟಿಗೆ ಬಡ್ಡಿ ಹಾಕಲು ಹೊರಟಿತು. ವಿದ್ಯಾರ್ಥಿ ಒಕ್ಕೂಟ ಪ್ರತಿಭಟಿಸಿತು, ಸಾವಿರಾರು ಮಂದಿ ಫೇಸ್‌ಬುಕ್‌ನಲ್ಲಿ ಒಂದುಗೂಡಿದರು. ಆಗಸ್ಟ್‌ನಲ್ಲಿ ಬ್ಯಾಂಕ್ ಹಿಂದೆ ಸರಿಯಿತು. ಸಂಘಟನೆಯ ಶಕ್ತಿಗೆ ಇದು ಒಳ್ಳೆಯ ನಿದರ್ಶನವೇ. ಆದರೂ ಇನ್ನೊಬ್ಬರ ಹಣದ ಮೇಲೆ ಬದುಕು ನಿಲ್ಲಿಸಬಾರದೆಂಬ ಪಾಠವೂ ಇದರಲ್ಲಿದೆ.

ಹಲವು ಖಾತೆಗಳು ತಪ್ಪೇ?

ತಪ್ಪಲ್ಲ. ಬಾಡಿಗೆಗೆ ಒಂದು ಖಾತೆ, ವಾರದ ಖರ್ಚಿಗೆ ಇನ್ನೊಂದು ಎಂದು ವಿಂಗಡಿಸಿಕೊಂಡರೆ ಶಿಸ್ತು ಬರುತ್ತದೆ. ನಮ್ಮ ತಾಯಂದಿರು ಬೇರೆ ಬೇರೆ ಡಬ್ಬಿಗಳಲ್ಲಿ ದುಡ್ಡು ಇಡುತ್ತಿದ್ದುದೂ ಹೀಗೆಯೇ. ಆದರೆ ಎರಡು ಮೂರು ಬ್ಯಾಂಕುಗಳಲ್ಲಿ ವಿದ್ಯಾರ್ಥಿ ಓವರ್‌ಡ್ರಾಫ್ಟ್ ಪಡೆಯುವುದು ಬೇರೆ ಮಾತು. "ಇದೇ ನನ್ನ ಮುಖ್ಯ ಖಾತೆ", "ಬೇರೆ ವಿದ್ಯಾರ್ಥಿ ಖಾತೆ ಇಲ್ಲ" ಎಂಬಂಥ ಷರತ್ತಿಗೆ ಒಪ್ಪಿಗೆ ಕೊಟ್ಟು ಎರಡನೆಯದನ್ನು ತೆರೆದರೆ ಅದು ಸುಳ್ಳು. ಯಾರೂ ಗಮನಿಸದಿದ್ದರೂ ಸುಳ್ಳು ಸುಳ್ಳೇ. ಮೇಲಾಗಿ ಓವರ್‌ಡ್ರಾಫ್ಟುಗಳು ಸಾಲದ ದಾಖಲೆಯಲ್ಲಿ ಸೇರುತ್ತವೆ. ಮುಂದೆ ಮನೆ ಸಾಲ ಕೇಳುವಾಗ ಬ್ಯಾಂಕಿನವರು ಅದನ್ನೇ ನೋಡುತ್ತಾರೆ.

ಖಾತೆಯನ್ನು ಬಾಡಿಗೆಗೆ ಕೊಡಬೇಡಿ

ಎಲ್ಲಕ್ಕಿಂತ ದೊಡ್ಡ ಅಪಾಯ ಇದು. ಹಣದ ಅಡಚಣೆಯಲ್ಲಿರುವ ವಿದ್ಯಾರ್ಥಿಯನ್ನು ಯಾರೋ ಪರಿಚಯ ಮಾಡಿಕೊಳ್ಳುತ್ತಾರೆ. "ನಿನ್ನ ಖಾತೆಗೆ ಸ್ವಲ್ಪ ಹಣ ಬರುತ್ತದೆ, ಕಮಿಷನ್ ಇಟ್ಟುಕೊಂಡು ಉಳಿದದ್ದನ್ನು ಹೇಳಿದ ಕಡೆ ಕಳುಹಿಸು" ಎನ್ನುತ್ತಾರೆ. ಬರುವ ಹಣ ಯಾರದೋ ವಂಚನೆಯದ್ದು. ಸಿಕ್ಕಿಬೀಳುವುದು ಖಾತೆದಾರ. ಬ್ರಿಟನ್ನಿನಲ್ಲಿ ಇಂಥವರ ಹೆಸರು ವಂಚನೆ ತಡೆ ಸಂಸ್ಥೆಯ ದಾಖಲೆಯಲ್ಲಿ ಆರು ವರ್ಷ ಉಳಿಯಬಹುದು. ಆಗ ಖಾತೆ ತೆರೆಯುವುದೇ ಕಷ್ಟ. ಹಣ ಬಿಳಿ ಮಾಡುವ ಅಪರಾಧಕ್ಕೆ ಗರಿಷ್ಠ 14 ವರ್ಷ ಜೈಲು ಶಿಕ್ಷೆಯೂ ಇದೆ. ನಮ್ಮ ದೇಶದಲ್ಲೂ ಸೈಬರ್ ವಂಚಕರು ವಿದ್ಯಾರ್ಥಿಗಳ ಖಾತೆಗಳನ್ನು ಹೀಗೆಯೇ ಬಳಸುತ್ತಾರೆ. ಮಂಗಳೂರಿನ ಹಾಸ್ಟೆಲಿನಲ್ಲಿರುವ ಮಗನಿಗೂ ಈ ಎಚ್ಚರಿಕೆ ಬೇಕು.

ನಾವು ಮಾಡಬಹುದಾದದ್ದು

ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ, ಗೋಪುರ ಕಟ್ಟಲು ಬಯಸಿದವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ನೆನಪಿಸುತ್ತಾರೆ. ಶಿಷ್ಯತ್ವದ ಬಗ್ಗೆ ಹೇಳಿದ ಮಾತು ಅದು. ಆದರೂ ಮಗ ಮಗಳನ್ನು ಹೊರದೇಶಕ್ಕೆ ಕಳುಹಿಸುವ ಮನೆಯ ಊಟದ ಮೇಜಿಗೂ ಸಲ್ಲುತ್ತದೆ. ಹೊರಡುವ ಮುನ್ನ ಹೆತ್ತವರೂ ಮಕ್ಕಳೂ ಒಟ್ಟಿಗೆ ಕುಳಿತು ಫೀಸು, ಬಾಡಿಗೆ, ಊಟ, ಬಸ್ಸು ಎಲ್ಲವನ್ನೂ ಬರೆಯಲಿ. ಮೊದಲ ಕೆಲವು ತಿಂಗಳಿಗೆ ಸಾಕಾಗುವ ಹಣ ಕೈಯಲ್ಲಿರಲಿ. ಓವರ್‌ಡ್ರಾಫ್ಟ್ ಪಡೆದವರು ಬಡ್ಡಿ ಆರಂಭವಾಗುವ ದಿನಾಂಕವನ್ನು ಇಂದೇ ಗುರುತಿಟ್ಟುಕೊಳ್ಳಲಿ.

ಹೆತ್ತವರಲ್ಲಿ ಒಂದು ವಿನಂತಿ. ಫೋನಿನಲ್ಲಿ "ಊಟ ಆಯಿತಾ?" ಎಂದು ಕೇಳುವ ಹಾಗೆಯೇ "ಹಣ ಸಾಕಾಗುತ್ತಿದೆಯಾ?" ಎಂದೂ ಕೇಳಿ. ಉತ್ತರ "ಇಲ್ಲ" ಎಂದಾದರೆ ಗದರಿಸಬೇಡಿ. ಮನೆಯವರ ತ್ಯಾಗ ನೆನೆದು ನಾಚಿಕೆಯಿಂದ ಸಾಲ ಮುಚ್ಚಿಡುವ ಮಕ್ಕಳೇ ಖಾತೆ ಬಾಡಿಗೆ ಕೇಳುವವರ ಬಲೆಗೆ ಸುಲಭವಾಗಿ ಬೀಳುತ್ತಾರೆ.

ವಾರ್ಡಿನ ಗುರಿಕಾರರು, ಐ.ಸಿ.ವೈ.ಎಂ. ಪದಾಧಿಕಾರಿಗಳು ಹಾಗೂ ಪಾಲನಾ ಮಂಡಳಿಯ ಸದಸ್ಯರು ಈ ವಿಷಯವಾಗಿ ಒಂದು ಭಾನುವಾರ ಬಲಿಪೂಜೆಯ ಬಳಿಕ ಅರ್ಧ ಗಂಟೆಯ ಮಾಹಿತಿ ಸಭೆ ಏರ್ಪಡಿಸಬಹುದು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಕಡಿಮೆಯಿಲ್ಲ. ಅವರನ್ನು ಕರೆದರೆ ಸಂತೋಷದಿಂದ ಬಂದು ತಿಳಿಸಿಕೊಟ್ಟಾರು.