ವಿದ್ಯುತ್ತಿನ ಗುರಿಯೂ ತೋಟದ ಬಾವಿಯೂ

೨೦೨೩ನೆಯ ಇಸವಿಯಲ್ಲಿ ಮುಂಗಾರು ಕೈಕೊಟ್ಟು, ನಮ್ಮ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಘೋಷಿತವಾದುದನ್ನು ವಾಚಕರು ಮರೆತಿರಲಾರರು. ಆ ಅಕ್ಟೋಬರ್ ತಿಂಗಳಲ್ಲಿ, ಪಂಪುಸೆಟ್ಟುಗಳಿಗೆ ದಿನಕ್ಕೆ ಏಳು ಗಂಟೆ ಸಲ್ಲಬೇಕಾಗಿದ್ದ ವಿದ್ಯುತ್ತನ್ನು ಐದು ಗಂಟೆಗೆ ಇಳಿಸಲಾಯಿತು. ಮುಂದಿನ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯ ಅಡಕೆ ಬೆಳೆಗಾರರು ಟ್ಯಾಂಕರಿನ ನೀರನ್ನು ಕ್ರಯಕ್ಕೆ ಕೊಂಡು ತೋಟಗಳನ್ನು ಉಳಿಸಿಕೊಳ್ಳಬೇಕಾಯಿತು. ಮಳೆಯಿಲ್ಲದ ವರ್ಷ ಬಾವಿಯ ಮೇಲೆ ಭಾರ ಹೆಚ್ಚುವುದು. ಬಾವಿಯ ನೀರನ್ನೆತ್ತಲು ವಿದ್ಯುತ್ತು ಹೆಚ್ಚು ಬೇಕಾಗುವುದು. ಆದರೆ ಅದೇ ವರ್ಷ ಜಲಾಶಯಗಳು ಬರಿದಾಗಿ ಜಲವಿದ್ಯುತ್ತು ಕುಗ್ಗುವುದು. ಈ ವಿಪರೀತವನ್ನು ಮನಸ್ಸಿನಲ್ಲಿರಿಸಿಕೊಂಡೇ ದೇಶದ ವಿದ್ಯುತ್ ಧೋರಣೆಯನ್ನು ವಿಚಾರಿಸಬೇಕೆಂಬುದು ನಮ್ಮ ಮತ.

೨೦೨೧ರ ನವೆಂಬರಿನಲ್ಲಿ ಗ್ಲಾಸ್ಗೋ ನಗರದ ಸಮ್ಮೇಳನದಲ್ಲಿ ಭಾರತವು ಒಂದು ಮಾತು ಕೊಟ್ಟಿತು. ಕಲ್ಲಿದ್ದಲು ತೈಲಗಳನ್ನು ಸುಡದೆ ಪಡೆಯುವ ವಿದ್ಯುತ್ತಿನ ಸಾಮರ್ಥ್ಯವನ್ನು ೨೦೩೦ರೊಳಗಾಗಿ ಐದು ಲಕ್ಷ ಮೆಗಾವಾಟಿಗೆ ಏರಿಸುವುದೇ ಆ ಮಾತು. ೨೦೨೫ರ ಜೂನ್ ವೇಳೆಗೆ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧಭಾಗ ಇಂಥ ಮೂಲಗಳದಾಯಿತು. ಇದು ಶ್ಲಾಘನೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸ್ಥಾಪಿತ ಸಾಮರ್ಥ್ಯ ಒಂದು, ಉತ್ಪನ್ನವಾದ ವಿದ್ಯುತ್ತು ಮತ್ತೊಂದು. ೨೦೨೩-೨೪ರಲ್ಲಿ ಉತ್ಪನ್ನವಾದುದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮೇಲ್ಪಟ್ಟ ಪಾಲು ಕಲ್ಲಿದ್ದಲಿನದೇ ಆಗಿತ್ತು. ಸೌರ ಫಲಕಗಳು ಸಂಜೆಗೆ ಸುಮ್ಮನಾಗುವುವು. ಗಾಳಿಯಂತ್ರಗಳು ಮುಂಗಾರಿನಲ್ಲಿ ಭರದಿಂದ ತಿರುಗಿ ಉಳಿದ ಕಾಲ ನಿಧಾನಿಸುವುವು. ಮೆಗಾವಾಟುಗಳನ್ನು ಎಣಿಸಿ ಗುರಿ ಮುಟ್ಟಿದೆವೆನ್ನುವವರು ಈ ಭೇದವನ್ನು ಜನರಿಗೆ ತಿಳಿಯಹೇಳಬೇಕು.

ಹಾಗಾದರೆ ಗುರಿಯನ್ನು ಕೈಬಿಟ್ಟು ಕಲ್ಲಿದ್ದಲನ್ನೇ ನೆಚ್ಚೋಣವೆನ್ನುವವರಿದ್ದಾರೆ. ೨೦೨೪-೨೫ರಲ್ಲಿ ದೇಶದ ಗಣಿಗಳಿಂದ ನೂರು ಕೋಟಿ ಟನ್ನಿಗೂ ಮಿಕ್ಕಿ ಕಲ್ಲಿದ್ದಲು ಬಂದಿತು. ೧೯೮೫ರಿಂದ ರಾಯಚೂರಿನ ಸ್ಥಾವರವು ನಮ್ಮ ರಾತ್ರಿಗಳಿಗೆ ಮಾಡಿರುವ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಕರ್ನಾಟಕದೊಳಗೆ ಒಂದೂ ಕಲ್ಲಿದ್ದಲ ಗಣಿಯಿಲ್ಲ. ಒಂದೊಂದು ಟನ್ನೂ ಹೊರಗಿನಿಂದಲೇ ಬರಬೇಕು. ಹೊಗೆ ಬೂದಿಗಳು ಮಾತ್ರ ಇಲ್ಲಿಯೇ ಉಳಿಯುವುವು. ಇದನ್ನು ಸದ್ಯದ ಊರೆಗೋಲೆಂದು ಇಟ್ಟುಕೊಳ್ಳಬಹುದಲ್ಲದೆ, ಮುಂದಿನ ತಲೆಮಾರಿನ ಆಧಾರವೆಂದು ಭಾವಿಸಲಾಗದು.

ಪರಮಾಣು ಶಕ್ತಿಯ ಪಕ್ಷದವರ ವಾದವೂ ಹಗುರವಾದುದಲ್ಲ. ಕೈಗಾದ ಮೊದಲನೆಯ ಘಟಕವು ೨೦೧೮ರ ಡಿಸೆಂಬರಿನಲ್ಲಿ ವಿಶ್ರಾಂತಿಗೆ ನಿಲ್ಲುವ ಮುನ್ನ ೯೬೨ ದಿನ ಎಡೆಬಿಡದೆ ನಡೆದು ಲೋಕದ ದಾಖಲೆಯನ್ನೇ ಮುರಿಯಿತು. ಆದರೆ ಅದೇ ಕೈಗಾದಲ್ಲಿ ಕಟ್ಟುವ ಕಾಲಕ್ಕೆ, ೧೯೯೪ರಲ್ಲಿ, ಗುಮ್ಮಟದ ಒಳಭಾಗ ಕುಸಿದುದನ್ನೂ, ೧೯೮೯ರಲ್ಲಿ ತೊಡಗಿದ ಕೆಲಸ ೨೦೦೦ದಲ್ಲಿ ಫಲಿಸಿದುದನ್ನೂ ನೆನೆಯಬೇಕು. ೨೦೪೭ಕ್ಕೆ ಒಂದು ಲಕ್ಷ ಮೆಗಾವಾಟು ಪರಮಾಣು ವಿದ್ಯುತ್ತೆಂದು ೨೦೨೫ರ ಆಯವ್ಯಯದಲ್ಲಿ ಸಾರಲಾಗಿದೆ. ಆಗಲಿ, ಆದರೆ ಮುಂದಿನ ಬೇಸಿಗೆಗೆ ಒಣಗುವ ತೋಟ ಅಷ್ಟು ಕಾಲ ಕಾಯಲಾರದು.

ಉಳಿದುದು ನೀರು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದ ನಾಡು ನಮ್ಮದು. ೧೯೯೭ರವರೆಗೂ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ, ಹೊನ್ನಾಳಿಯವರಿಗೆ ಶರಾವತಿಯ ಕಥೆಯನ್ನು ಹೇಳಬೇಕಾದುದಿಲ್ಲ. ಲಿಂಗನಮಕ್ಕಿಯಲ್ಲಿ ಮನೆಮಠ ಮುಳುಗಿದ ಕುಟುಂಬಗಳು ಅರ್ಧ ಶತಮಾನ ಕಳೆದರೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಈಗ ಅದೇ ಕಣಿವೆಯಲ್ಲಿ, ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಏರಿಸಿ ಸಂಜೆ ಇಳಿಬಿಡುವ ೨,೦೦೦ ಮೆಗಾವಾಟಿನ ಯೋಜನೆಯ ಪ್ರಸ್ತಾಪವಿದೆ. ಸಂಗ್ರಹಣೆ ಅಗತ್ಯ, ನಿಜ. ಆದರೆ ಅದು ಸಿಂಗಳೀಕಗಳ ಕಾಡನ್ನು ಕಡಿದೇ ಆಗಬೇಕೆ, ಕಾಡಿಲ್ಲದ ಎಡೆಯಲ್ಲಿಯೂ, ಉಪಕೇಂದ್ರಗಳ ಬ್ಯಾಟರಿಗಳಲ್ಲಿಯೂ ಎಷ್ಟು ಸಾಧ್ಯವೆಂದು ಮೊದಲು ನೋಡಬೇಡವೆ?

ಸಂಗ್ರಹಣೆಯ ಮರ್ಮವನ್ನು ಚನ್ನಗಿರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಸೂಳೆಕೆರೆಯನ್ನು ಕಟ್ಟಿದವರು ಬಿದ್ದ ಮಳೆಯನ್ನು ಲೆಕ್ಕಹಾಕಿ ತೃಪ್ತರಾಗಲಿಲ್ಲ. ಸಿದ್ಧನಾಲೆ ಬಸವನಾಲೆಗಳ ತೂಬಿನಿಂದ ಬೇಕಾದ ಹೊತ್ತಿಗೆ ಎಷ್ಟು ಹರಿದೀತೆಂದು ಎಣಿಸಿದರು. ಬಿಸಿಲಿಗೂ ಗಾಳಿಗೂ ಈ ಲೆಕ್ಕವೇ ಸಲ್ಲಬೇಕು.

ಆದಕಾರಣ ಗುರಿಯನ್ನು ಕೈಬಿಡುವುದಲ್ಲ, ಅದರ ಅಳತೆಗೋಲನ್ನು ಬದಲಿಸಬೇಕೆಂದು ನಾವು ಹೇಳುತ್ತೇವೆ. ಜಗಳೂರಿನಲ್ಲಿ ಬಿಸಿಲಿಗೆ ಬರವಿಲ್ಲ. ಪಂಪುಸೆಟ್ಟಿನ ತಂತಿಗಳು ಹೊರಡುವ ಉಪಕೇಂದ್ರಗಳ ಬಳಿಯೇ ಸಣ್ಣ ಸೌರ ಸ್ಥಾವರಗಳೆದ್ದರೆ ರೈತನು ನಡುರಾತ್ರಿ ಹಾವು ಚೇಳುಗಳ ನಡುವೆ ಮೋಟಾರು ಹಾಕಲು ಹೋಗಬೇಕಾಗಿಲ್ಲ. ಹಗಲಿನಲ್ಲಿಯೇ ನೀರು ಹಾಯಿಸಬಹುದು. ಭೂಮಿಗೆ ಪಾವಗಡದ ಮಾದರಿಯಿದೆ. ಅಲ್ಲಿ ಸುಮಾರು ೧೩,೦೦೦ ಎಕರೆಯನ್ನು ಕಸಿದುಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಒಡೆಯನಿಗೆ ಬಾಡಿಗೆ ಬಂದಿತು. ಭೂಮಿಯಿಲ್ಲದ ಕೂಲಿಕಾರನಿಗೆ ಹೊಲದ ಕೆಲಸ ತಪ್ಪಿತು. ಈ ನ್ಯೂನತೆಯನ್ನು ಇಲ್ಲಿ ಮೊದಲೇ ಸರಿಪಡಿಸಬೇಕು. ಬಿಸಿಲು ಮೋಟಾರನ್ನು ನಡೆಸೀತೇ ಹೊರತು ಬಾವಿಯನ್ನು ತುಂಬಲಾರದೆಂಬುದನ್ನು ತೋಟಗಾರರೂ ಮರೆಯಬಾರದು. ಪುಕ್ಕಟೆ ವಿದ್ಯುತ್ತಿನಿಂದ ಅಂತರ್ಜಲ ಪಾತಾಳಕ್ಕಿಳಿದರೆ ಯಾವ ಗುರಿಯೂ ತೋಟವನ್ನು ಉಳಿಸದು.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ಎಷ್ಟು ಮೆಗಾವಾಟು ನಿಲ್ಲಿಸಿದೆವೆಂಬ ಪ್ರಕಟಣೆಯ ಪಕ್ಕದಲ್ಲಿಯೇ, ಮಾರ್ಚಿಯಿಂದ ಮೇ ತಿಂಗಳವರೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಒಂದೊಂದು ಮಾರ್ಗಕ್ಕೂ ದಿನಕ್ಕೆ ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ವಿದ್ಯುತ್ತು ಕೊಟ್ಟೆವೆಂಬುದನ್ನೂ ವರ್ಷವರ್ಷವೂ ಪ್ರಕಟಿಸಲಿ. ಆ ಪಟ್ಟಿಯನ್ನು ಓದಿ ನಾಡಿನ ಜನ ತಾವೇ ತೀರ್ಮಾನಿಸುವರು.