ತಾಯಿಯ ಚೀಟಿ, ಮಗುವಿನ ತೂಕ

ಮದ್ದೂರಿನಿಂದ ಮಂಡ್ಯದ ಕಡೆಗೆ ಹೊರಟರೆ ಸಿಗುವ ಗೆಜ್ಜಲಗೆರೆ, ಜಿಲ್ಲೆಯ ಹಳ್ಳಿಗಳ ಹಾಲು ಬಂದು ಸೇರುವ ಡೈರಿಯಿಂದ ಹೆಸರಾದ ಊರು. ಬಸುರಿ ಹೆಂಗಸು ಹಾಲು ಕುಡಿದರೆ ಮಗು ಗಟ್ಟಿಮುಟ್ಟಾಗುತ್ತದೆ ಎಂದು ಹಿರಿಯರು ಹೇಳುವುದುಂಟು. ಆದರೆ ದಿನವೂ ಹಾಲು ಸಿಗುವ ಮನೆಯಲ್ಲಿ ಊಟ, ಆರೈಕೆಗಳೂ ಚೆನ್ನಾಗಿರುತ್ತವೆ. ಮಗುವಿನ ತೂಕ ಹೆಚ್ಚಿದ್ದು ಹಾಲಿನಿಂದಲೋ, ಮನೆಯ ಅನುಕೂಲದಿಂದಲೋ? ಜೊತೆಯಲ್ಲಿ ಕಂಡದ್ದೆಲ್ಲ ಕಾರಣವಲ್ಲ.

ಇಂಥದೇ ತೊಡಕು ಮೈಸೂರಿನಲ್ಲೂ ಎದುರಾಯಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ‘ಪಾರ್ಥೆನಾನ್’ ಅಧ್ಯಯನಕ್ಕೆ ಸೇರಿದ ಬಸುರಿಯರಲ್ಲಿ ನೂರಕ್ಕೆ 43 ಮಂದಿಗೆ ಬಿ12 ಜೀವಸತ್ವದ ಕೊರತೆಯಿತ್ತು. ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿರುವ ಈ ಜೀವಸತ್ವ ಕಡಿಮೆಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಏರುತ್ತದೆ. ಶಿಶುಗಳ ತೂಕ ತಗ್ಗಿಸುವುದು ಇದೇ ಏನು, ಅಥವಾ ಇದರ ಹಿಂದಿರುವ ಬಡತನವೇ?

ಉತ್ತರ ಹುಡುಕಲು ಬಟಾಣಿ ಗಿಡಗಳಲ್ಲಿ ಅನುವಂಶೀಯತೆಯ ನಿಯಮ ಕಂಡ ಮೆಂಡೆಲ್ ನೆರವಿಗೆ ಬಂದ. ತಂದೆತಾಯಿಯರಲ್ಲಿ ಪ್ರತಿ ಜೀನಿನ ಎರಡೆರಡು ಪ್ರತಿಗಳಿರುತ್ತವೆ. ಯಾವ ಪ್ರತಿ ಮಗುವಿಗೆ ಬರುತ್ತದೆ ಎಂಬುದು ಚೀಟಿ ಎತ್ತಿದಂತೆ. ಮನೆಯ ಸಿರಿತನ, ಓದು ಅಲ್ಲಿ ಲೆಕ್ಕಕ್ಕಿಲ್ಲ. ಎಂಟಿಎಚ್‌ಎಫ್‌ಆರ್ ಎಂಬ ಜೀನಿನಲ್ಲಿ ಒಂದೇ ಅಕ್ಷರ ಬದಲಾದರೂ ಹೋಮೋಸಿಸ್ಟೀನ್ ಹೆಚ್ಚುತ್ತದೆ. ಈ ಬದಲಾವಣೆಯಿರುವ ತಾಯಂದಿರ ಮಕ್ಕಳ ತೂಕವೂ ಕಡಿಮೆಯಿದ್ದರೆ, ತಪ್ಪನ್ನು ಬಡತನದ ಮೇಲೆ ಹೊರಿಸುವುದು ಕಷ್ಟ. ಈ ವಿಧಾನಕ್ಕೆ ‘ಮೆಂಡೇಲಿಯನ್ ರ‍್ಯಾಂಡಮೈಸೇಷನ್’ ಎಂದು ಹೆಸರು. ಪುಣೆ ಮತ್ತು ಮೈಸೂರಿನ ತಾಯಂದಿರ ಮಾಹಿತಿಯನ್ನು ಬೇರೆ ಅಧ್ಯಯನಗಳ ಜೊತೆಗಿಟ್ಟು ನೋಡಿದ ವಿಜ್ಞಾನಿಗಳು, ಹೋಮೋಸಿಸ್ಟೀನ್ ಏರುವುದು ಶಿಶುವಿನ ಬೆಳವಣಿಗೆ ಕುಂಠಿತವಾಗಲು ಕಾರಣವಿರಬಹುದೆಂದು 2014ರಲ್ಲಿ ಪ್ರಕಟಿಸಿದರು.

ಚೀಟಿಯ ಸಾಕ್ಷ್ಯಕ್ಕೂ ಮಿತಿಗಳುಂಟು. ಆ ಜೀನು ಬೇರೆ ದಾರಿಯಿಂದ ತೂಕದ ಮೇಲೆ ಪರಿಣಾಮ ಬೀರಬಾರದು. ಜಾತಿಯೊಳಗೇ ಮದುವೆಯಾಗುವ ನಮ್ಮಲ್ಲಿ ಜೀನುಗಳ ಪ್ರಮಾಣ ಸಮುದಾಯದಿಂದ ಸಮುದಾಯಕ್ಕೆ ಬೇರೆಯಾಗಬಹುದು. ತಾಯಿಯ ಜೀನಿನ ಒಂದು ಪ್ರತಿ ಮಗುವಿನಲ್ಲೂ ಇರುವುದರಿಂದ, ಪರಿಣಾಮ ಯಾರದೆಂದು ಬಿಡಿಸಿ ನೋಡಬೇಕು. ಹುಟ್ಟಿನಿಂದ ಇರುವ ಏರಿಕೆಗೂ ಬಸುರಿನಲ್ಲಿ ಕೆಲವು ತಿಂಗಳು ನುಂಗುವ ಮಾತ್ರೆಗೂ ವ್ಯತ್ಯಾಸವಿದೆ. ಮಾತ್ರೆಯ ಗುಣ ತಿಳಿಯಲು ಕೊಟ್ಟೇ ನೋಡಬೇಕು.

ಹಾಗಾದರೆ ಗೆಜ್ಜಲಗೆರೆಯ ಹಾಲಿನ ಮಾತು? ಹಾಲು ಕುಡಿದರೆ ಮಗುವಿನ ತೂಕ ಏರುತ್ತದೆಂದು ಈ ಅಧ್ಯಯನ ಹೇಳಲಿಲ್ಲ. ಆದರೆ ತಾಯಿಯ ತಟ್ಟೆ, ಲೋಟಗಳಲ್ಲಿ ಏನಿದೆ ಎಂದು ಕೇಳಲೇಬೇಕಾದ ಕಾರಣವೊಂದನ್ನು ತೋರಿಸಿಕೊಟ್ಟಿತು. ಎತ್ತಿದ ಚೀಟಿಯನ್ನು ಬದಲಿಸಲಾಗದು. ಬಿ12 ಕೊರತೆಯನ್ನು ನೀಗಿಸಬಹುದು.